ಬೊಟ್ಟಿಲ್ಲದ ಹಣೆ

ಹೂಸ್ಟನ್ನಿನ ಒಂದು ಆಫೀಸಿನ ಗೋಡೆಯ ಮೇಲೆ, ಆ ಚಿತ್ರದ ಪಕ್ಕ ಒಂದು ಚೀಟಿ ಅಂಟಿಸಿದ್ದರು. ಪೂರ್ವದ ಕುಂಚ, ಪಶ್ಚಿಮದ ಭಾವ, ಎರಡರ ಸಂಗಮ ಎಂದು ಅದರಲ್ಲಿ ಬರೆದಿದೆ ಅಂತ ಮಗಳು ಅರ್ಥ ಹೇಳಿದಳು. ನನಗೆ ಮೈ ಉರಿಯಿತು. ಆ ಚಿತ್ರದಲ್ಲಿ ಇರುವುದು ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ. ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತಿರುವ ಒಬ್ಬ ಮುದುಕಿ. ಆ ಮುದುಕಿ ನಾನು. ಅವಳ ಹಣೆಯ ಮೇಲೆ ಕಾಗದ ಹರಿದು ಒಂದು ಗಾಯ ಇದೆ. ಅದನ್ನು ಮಾಡಿದವಳೂ ನಾನೇ. ಇದು ಹೇಗಾಯಿತೆಂದು ನಮ್ಮ ಜನ ಒಬ್ಬೊಬ್ಬರು ಒಂದೊಂದು ತರಹ ಹೇಳಿಕೊಂಡು ತಿರುಗುತ್ತಿದ್ದಾರೆ. ಆದದ್ದನ್ನು ಆದ ಹಾಗೆ ನಾನೇ ಬರೆದಿಡುತ್ತೇನೆ.

ಆಗ ನಾನು ಅಮೆರಿಕದ ರಿಚರ್ಡ್‌ಸನ್‌ನಲ್ಲಿ ಮಗಳ ಜೊತೆ ಇದ್ದೆ. ಮಹಡಿಯ ಮೇಲಿನ ಅಪಾರ್ಟ್‌ಮೆಂಟು. ಮಗಳು, ಅಳಿಯ ಇಬ್ಬರೂ ಬೆಳಗ್ಗೆ ಹೋದರೆ ಸಂಜೆಗೆ ಬರುವವರು. ಒಂಬತ್ತು ವರ್ಷದ ಮೊಮ್ಮಗಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷು. ಕೇಳಿ ಕೇಳಿ ಅವಳ ಇಂಗ್ಲಿಷು ಮಾತ್ರ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ನನ್ನ ಓದು ಮೂರನೇ ಕ್ಲಾಸಿಗೇ ಮುಗಿದಿತ್ತು. ಆ ಊರಿನಲ್ಲಿ ನನಗೆ ಕಿವಿ, ಬಾಯಿ ಎರಡೂ ಆ ಹುಡುಗಿಯೇ.

ನಮ್ಮ ಕೆಳಗಿನ ಮನೆಯಲ್ಲಿ ಚೀನಾದ ಒಬ್ಬ ಮುದುಕರಿದ್ದರು. ಹೆಂಡತಿ ಸತ್ತಿದ್ದರು, ಮಗಳು ಆಸ್ಟಿನ್‌ನಲ್ಲಿ ಓದುತ್ತಿದ್ದಳು. ನಾನು ಅವರನ್ನು ಕೆಳಮನೆಯವರು ಎಂದೇ ಕರೆಯುತ್ತಿದ್ದೆ. ಒಂದು ದಿನ ಬಟ್ಟೆ ಒಗೆಯುವ ಕೋಣೆಗೆ ಹೋಗುವಾಗ ನೋಡುತ್ತೇನೆ, ಅವರು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಲ್ಲಿನ ಮೇಲೆ ನೀರು ಚಿಮುಕಿಸಿ ಏನನ್ನೋ ತೇಯುತ್ತಿದ್ದಾರೆ. ಆ ದೇಶಕ್ಕೆ ಬಂದ ಮೇಲೆ ಕುಕ್ಕರಗಾಲಲ್ಲಿ ಕೂತ ಗಂಡಸನ್ನು ಕಂಡದ್ದು ಅದೇ ಮೊದಲು. ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆಯೇ ಇತ್ತು. ಹತ್ತಿರ ಹೋದೆ. ಗಂಧ ಕಪ್ಪಗಿತ್ತು.

"ಯಾವ ದೇವ್ರಿಗೆ ಕಪ್ಪು ಗಂಧ ಅಂತ ಕೇಳೇ," ಅಂದೆ ಮೊಮ್ಮಗಳಿಗೆ.

ಅವಳು ಕೇಳಿದಳು. ಅವರು ನಕ್ಕು ನಕ್ಕು ಕೆಮ್ಮಿದರು. ಆಮೇಲೆ ನಮ್ಮನ್ನು ಒಳಗೆ ಕರೆದು ತೋರಿಸಿದರು. ಅದು ಬರೆಯುವ ಮಸಿ. ನೆಲದ ಮೇಲೆ ಚಾಪೆಯಷ್ಟು ಉದ್ದದ ತೆಳ್ಳನೆಯ ಕಾಗದ ಹಾಸಿ, ಕರುವಿನ ಬಾಲದಂಥ ಕುಂಚ ಹಿಡಿದು, ಉಸಿರು ಕಟ್ಟಿ ಒಂದೇ ಎಳೆ ಎಳೆದರು. ಅಳಿಸುವುದಿಲ್ಲ, ತಿದ್ದುವುದಿಲ್ಲ. ತಪ್ಪಾದರೆ ಇಡೀ ಕಾಗದ ಕಸಕ್ಕೆ. ನಾನು ಐವತ್ತು ವರ್ಷ ರಂಗೋಲಿ ಹಾಕಿದವಳು, ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಳೆ ನಡುಗಿತೋ, ಕಾಲಲ್ಲಿ ಒರೆಸಿ ಮತ್ತೆ ಮೊದಲಿಂದ ಚುಕ್ಕಿ ಇಡಬೇಕು.

ಆದರೆ ಮಾರನೆಯ ದಿನ ಅದೇ ಕಾಗದವನ್ನು ಹಲಗೆಗೆ ಅಂಟಿಸಿ, ದೋಸೆ ಮಗುಚುವ ಸಟ್ಟುಗದ ಮರಿಯಂಥ ಒಂದು ತಗಡಿನಿಂದ, ಟ್ಯೂಬಿನ ಬಣ್ಣವನ್ನು ಗಿಲಾವು ಮಾಡಿದ ಹಾಗೆ ಬಳಿಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಇಷ್ಟು ಚೆಂದದ ಎಳೆ ಎಳೆದು ಅದರ ಮೇಲೆ ಕೆಸರು ಮೆತ್ತುತಾರಲ್ಲೇ! ಬುದ್ಧಿ ಇದೆಯಾ ಕೇಳು."

ಮೊಮ್ಮಗಳು ಬುದ್ಧಿಯ ಮಾತು ಬಿಟ್ಟು ಉಳಿದದ್ದನ್ನು ಕೇಳಿದಳು. ಅವರು ಹೇಳಿದ್ದು ಇಷ್ಟು. ಮಸಿ ಕಲಿತದ್ದು ಅಪ್ಪನಿಂದ, ಈ ಬಣ್ಣ ಕಲಿತದ್ದು ದೊಡ್ಡ ಊರಿನ ಸ್ಕೂಲಿನಿಂದ, ಎರಡೂ ಇದೇ ಕೈಯೊಳಗೆ ಇವೆ, ಈಗ ಯಾವುದನ್ನು ತೆಗೆದು ಹೊರಗೆ ಹಾಕಲಿ? ನಾನು ನನ್ನ ಅಮ್ಮನ ಸಾರೂ ಮಾಡುತ್ತೇನೆ, ಅತ್ತೆಯ ಸಾರೂ ಮಾಡುತ್ತೇನೆ, ಯಾವತ್ತು ಯಾವುದು ಬಂತೆಂದು ನನಗೇ ಗೊತ್ತಾಗುವುದಿಲ್ಲ.

ಅವರಿಗೆ ಜನ ಕೊಡುತ್ತಿದ್ದ ಕಾಟ ಮಾತ್ರ ನನಗೆ ಚೆನ್ನಾಗಿ ಕಂಡಿತು. ವಾರಕ್ಕೊಮ್ಮೆ ಲೈಬ್ರರಿಯಲ್ಲಿ ಕ್ಲಾಸು ಮಾಡುತ್ತಿದ್ದರು. ಅಲ್ಲಿಗೆ ಬರುವ ಅಮೆರಿಕದ ಹೆಂಗಸರಿಗೆ ಬಿದಿರು ಬೇಕು, ಪಾಂಡಾ ಬೇಕು. ಈ ಬಣ್ಣದ ಗಿಲಾವು ಏಕೆ, ನಿಮ್ಮದನ್ನು ನೀವು ಬರೆಯಬಾರದೇ ಅನ್ನುವರು. ಅವರ ಸ್ವಂತ ಜನ ಮನೆಗೆ ಬಂದರೆ, ಬೆಟ್ಟ ಎಲ್ಲಿ, ಮಂಜು ಎಲ್ಲಿ, ಅಪ್ಪ ಕಲಿಸಿದ್ದನ್ನು ಹಾಳು ಮಾಡಿದಿರಿ ಅನ್ನುವರು. ಎರಡು ಕಡೆಯವರೂ ಅವರನ್ನು ತಿದ್ದುವವರೇ. ಕೂತು ಸುಮ್ಮನೆ ನೋಡಿದವರು ಒಬ್ಬರೂ ಇಲ್ಲ.

ಆ ವರ್ಷ ಮಗಳ ಕಾಲೇಜಿನ ಗೆಳತಿ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಮುಂಚೆ ಫೋನು ಮಾಡಿ ನನ್ನನ್ನೇ ಕೇಳಿಕೊಂಡಳು.

"ಆಂಟಿ, ನಮ್ಮನೆ ಬಾಗ್ಲಿಗೆ ನಿಮ್ಮ ಕೈ ರಂಗೋಲಿನೇ ಆಗ್ಬೇಕು. ಇಲ್ಲೆಲ್ಲ ಸ್ಟಿಕ್ಕರ್ ಅಂಟಿಸ್ತಾರೆ. ನಮ್ಮತ್ತೆ ಫೋಟೋ ನೋಡಿದ್ರೆ ಮೈಸೂರಿಂದಾನೇ ಬೈತಾರೆ."

ಹಿಂದಿನ ಸಂಜೆಯೇ ವ್ಯಾನಿನಲ್ಲಿ ಹೊರಟೆವು. ಕೆಳಮನೆಯವರೂ ಆಸ್ಟಿನ್‌ಗೆ ಮಗಳನ್ನು ನೋಡಲು ಹೋಗಬೇಕಾಗಿತ್ತು, ಕೂರಿಸಿಕೊಂಡೆವು. ಅವರ ಮಗಳಿಗೆ ಮಧ್ಯಾಹ್ನದವರೆಗೆ ಬಿಡುವಿಲ್ಲವೆಂದು ಬೆಳಗ್ಗೆ ಅವರೂ ಆ ಮನೆಯಲ್ಲೇ ಇದ್ದರು. ನಾನು ಬೆಳಕು ಹರಿಯುವ ಮೊದಲೇ ಎದ್ದು, ಸಿಮೆಂಟಿನ ಮೆಟ್ಟಿಲು ತೊಳೆದು, ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಇಟ್ಟೆ. ಎಳೆಗೆ ಎಳೆ ಸೇರಿ ಎಲ್ಲೂ ತುದಿ ಕಾಣದ ಹಾಗೆ. ಅವರು ಹುಲ್ಲಿನ ಮೇಲೆ ಕೂತು, ಸಣ್ಣ ಪುಸ್ತಕದಲ್ಲಿ ಏನೋ ಗೀಚುತ್ತ ಪೂರ್ತಿ ಹೊತ್ತು ನೋಡಿದರು.

ನಾನು ಕೈ ತೊಳೆಯಲು ಒಳಗೆ ಬಂದಾಗ ಮನೆಯೊಡತಿ ನನ್ನ ಮಗಳಿಗೆ ಮೆತ್ತಗೆ ಹೇಳುತ್ತಿದ್ದಳು. ಮೆತ್ತಗೆ ಹೇಳಿದ್ದು ಕಿವುಡಿಗೂ ಕೇಳುವಷ್ಟಿತ್ತು.

"ಪುರೋಹಿತರು ಬರೋಕ್ ಮುಂಚೆ ಯಾರಾದ್ರೂ ಮುತ್ತೈದೆ ಅದರ ಮೇಲೆ ಒಂದೆಳೆ ಎಳೆದ್ಬಿಡ್ಲಿ ಕಣೇ. ಶಾಸ್ತ್ರಕ್ಕೆ. ಆಂಟಿ ಬೇಜಾರು ಮಾಡ್ಕೊಳಲ್ಲ, ಅಲ್ವಾ?"

ನನ್ನ ಮಗಳು ಏನೂ ಅನ್ನಲಿಲ್ಲ. ಯಾವಳೋ ಒಬ್ಬ ಹುಡುಗಿ, ಜನ್ಮದಲ್ಲಿ ರಂಗೋಲಿ ಪುಡಿ ಮುಟ್ಟದವಳು, ಹೋಗಿ ಒಂದು ಎಳೆ ಎಳೆದಳು. ಎರೆಹುಳು ಹರಿದ ಹಾಗೆ ನಡುವೆ ಅಡ್ಡಕ್ಕೆ ಬಂತು. ನಾನು ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯಲು ಕೂತೆ. ಗಂಡ ಸತ್ತಾಗಿನಿಂದ ಆರತಿ ಹೊತ್ತಿಗೆ ಯಾರೂ ಏಳು ಅನ್ನುವ ಮೊದಲೇ ಎದ್ದು ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಇವತ್ತು ಆ ಹುಡುಗಿಗಿಂತ, ಆ ಮನೆಯೊಡತಿಗಿಂತ, ಆ ಅಭ್ಯಾಸದ ಮೇಲೆ ನನಗೆ ಹೆಚ್ಚು ಸಿಟ್ಟಿದೆ.

ಸ್ವಲ್ಪ ಹೊತ್ತಿಗೆ ಕೆಳಮನೆಯವರು ಮೊಮ್ಮಗಳ ಕೈ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು.

"ಅಜ್ಜಿ, ಹಿ ವಾಂಟ್ಸ್ ಟು ನೋ ವೈ ಶಿ ಸ್ಪಾಯಿಲ್ಡ್ ಇಟ್."

"ಶಾಸ್ತ್ರ ಅಂತ ಹೇಳು."

"ವಾಟ್ ಈಸ್ ಶಾಸ್ತ್ರ?"

"ಕಾಯಿ ತುರೀಬೇಕು, ಹೋಗೇ ಆ ಕಡೆ," ಅಂದೆ.

ತಿಂಗಳಾದ ಮೇಲೆ ಅವರು ನನ್ನನ್ನು ಕರೆದು ಈ ಚಿತ್ರ ತೋರಿಸಿದರು. ನನ್ನ ಬೆನ್ನು ಒಂದೇ ಎಳೆ, ಕತ್ತಿನಿಂದ ಸೊಂಟದವರೆಗೆ. ಸೀರೆಗೆ ಮಾತ್ರ ದಪ್ಪ ಬಣ್ಣ, ನೇರಳೆಹಣ್ಣು ಕಾಲಡಿ ಸಿಕ್ಕಿದ ಹಾಗೆ. ಮುಖ ಬಗ್ಗಿದೆ, ಅರ್ಧವೇ ಕಾಣುತ್ತದೆ. ಹಣೆಗೆ ಮಸಿಯೂ ಇಲ್ಲ, ಬಣ್ಣವೂ ಇಲ್ಲ, ಕಾಗದದ ಬಿಳಿಯನ್ನೇ ಬಿಟ್ಟಿದ್ದರು. ನನ್ನನ್ನು ಚೆಂದ ಮಾಡಿರಲಿಲ್ಲ, ಪಾಪ ಅನ್ನಿಸುವ ಹಾಗೂ ಮಾಡಿರಲಿಲ್ಲ. ಕೆಲಸ ಮಾಡುವವಳ ಹಾಗೆ ಇದ್ದೆ. ಬೆನ್ನು ಎಲ್ಲಿ ನೋಯುತ್ತದೆಂದು ಆ ಮನುಷ್ಯನಿಗೆ ಗೊತ್ತಿತ್ತು.

ಊಟ ಹಾಕಿದ ಮನೆಗೆ ಏನಾದರೂ ಕೊಡಬೇಕೆಂದು ಮತ್ತೆ ನಮ್ಮ ಜೊತೆ ಹೋದಾಗ ಅದನ್ನು ಅವರು ಸೀಡರ್ ಪಾರ್ಕ್‌ನವರಿಗೇ ಕೊಟ್ಟರು. ಮುಂದೆ ಗಾಜು ಹಾಕಿರಲಿಲ್ಲ, ಗಾಜು ಹಾಕಬೇಡಿ ಎಂದೂ ಹೇಳಿದರು. ಮನೆಯೊಡತಿ ಥ್ಯಾಂಕ್ಸ್ ಮೇಲೆ ಥ್ಯಾಂಕ್ಸ್ ಹೇಳಿದಳು. ನನ್ನನ್ನು ಪಕ್ಕಕ್ಕೆ ಕರೆದು, "ಫಿನಿಶ್ ಮಾಡಿಲ್ವಾ ಆಂಟಿ? ಅರ್ಧ ಖಾಲೀನೇ ಇದೆಯಲ್ಲ," ಅಂದಳು.

"ಅಷ್ಟೇ ಅದು," ಅಂದೆ.

ನಾಲ್ಕೈದು ತಿಂಗಳು ಕಳೆಯಿತು. ಹೂಸ್ಟನ್‌ನಲ್ಲಿ, ಎನರ್ಜಿ ಕಾರಿಡಾರ್ ಅನ್ನುವ ಕಡೆ, ಒಂದು ಎಣ್ಣೆ ಕಂಪನಿಯ ಆಫೀಸಿನ ಕೆಳಗಿನ ಹಾಲಿನಲ್ಲಿ ಕೆಳಮನೆಯವರ ಚಿತ್ರಗಳನ್ನು ತೂಗುಹಾಕುತ್ತಾರೆಂದಾಯಿತು. ಆ ದೇಶಕ್ಕೆ ಬಂದು ಹನ್ನೆರಡು ವರ್ಷಕ್ಕೆ ಮೊದಲ ಸಲ. ಬಿದಿರು ಪಾಂಡಾ ಕೇಳದೆ ಕರೆದವರು ಇವರೇ ಅಂತೆ. ಕೆಳಮನೆಯವರಿಗೆ ರಂಗೋಲಿಯ ಚಿತ್ರ ಬಾಗಿಲಿಗೆ ಎದುರಾಗಿ ಬೇಕಿತ್ತು, ಅದಿಲ್ಲದೆ ಉಳಿದವಕ್ಕೆ ಅರ್ಥವಿಲ್ಲ ಎಂದರಂತೆ. ಕೇಳಿ ತರಲು ಶನಿವಾರ ಎಲ್ಲರೂ ಸೀಡರ್ ಪಾರ್ಕ್‌ಗೆ ಹೋದೆವು.

ಹಾಲಿನ ಎತ್ತರದ ಗೋಡೆಯಲ್ಲಿ ಚಿತ್ರ ಇತ್ತು. ಅದರ ಹಣೆಯ ಮೇಲೆ ಕೆಂಪಗೆ, ಎಂಟಾಣೆಯಷ್ಟು ಅಗಲದ ಸ್ಟಿಕ್ಕರ್ ಬೊಟ್ಟು ಇತ್ತು.

ಕೆಳಮನೆಯವರು ಅದರ ಮುಂದೆ ನಿಂತೇ ಬಿಟ್ಟರು. ಮನೆಯೊಡತಿ ನಗುನಗುತ್ತಲೇ ಹೇಳಿದಳು: "ಅಯ್ಯೋ, ಅದಾ? ಹೊಸಮನೆ ಆಂಟಿ. ಬಾಗ್ಲಿಗೆ ಬಂದವರ ಕಣ್ಣಿಗೆ ಮೊದಲು ಬೋಳು ಹಣೆ ಬಿದ್ರೆ ಚೆನ್ನಾಗಿರುತ್ತಾ ಅಂತ ನಮ್ಮತ್ತೆ ಫೋನಲ್ಲಿ ಅಂದ್ರು. ಚಿಕ್ಕ ಬೊಟ್ಟು ಅಷ್ಟೇ. ಚಿತ್ರಕ್ಕೂ ಒಂದು ಕಳೆ ಬಂತು ನೋಡಿ. ಕೂತ್ಕೊಳ್ಳಿ, ಕಾಫಿ ತರ್ತೀನಿ." ಒಳಗೆ ಹೋದಳು.

ಕೆಳಮನೆಯವರು ಮೊಮ್ಮಗಳಿಗೆ ಏನೋ ಕೇಳಿದರು. ಆ ಕೆಂಪು ಏನೆಂದು.

ಈ ಸಲ ತುರಿಯಲು ಕಾಯಿ ಇರಲಿಲ್ಲ. ಹೇಳು ಅಂದೆ. ಗಂಡ ಸತ್ತವಳು ನಮ್ಮಲ್ಲಿ ಬೊಟ್ಟು ಇಡುವ ಹಾಗಿಲ್ಲ, ಬೊಟ್ಟಿಲ್ಲದ ಹಣೆ ಶುಭಕಾರ್ಯದಲ್ಲಿ ಯಾರ ಕಣ್ಣಿಗೂ ಬೀಳುವ ಹಾಗಿಲ್ಲ. ಅವತ್ತು ನನ್ನ ರಂಗೋಲಿಯ ಮೇಲೆ ಆ ಹುಡುಗಿ ಎಳೆ ಎಳೆದದ್ದೂ ಇದಕ್ಕೇ. ರಂಗೋಲಿ ಬೇಕು, ಹಾಕಿದವಳು ಬೇಡ. ಮೊಮ್ಮಗಳು ಅರ್ಧ ಹೇಳಿ ನಿಲ್ಲಿಸಿದಳು.

"ಅಜ್ಜಿ, ಈಸ್ ದಟ್ ವೈ ಯು ಆಲ್ವೇಸ್ ಗೋ ಟು ದ ಕಿಚನ್?"

ಆ ಮಾತಿಗೆ ನನಗೆ ಎಲ್ಲಿಲ್ಲದ ರೋಷ ಬಂತು. ನಾನು ಬೊಟ್ಟು ಕೇಳಿದ್ದೆನೇ? ನಿಜವಾದ ಹಣೆಗೆ ಇಡಲು ಧೈರ್ಯವಿಲ್ಲದವರು ಕಾಗದದ ಹಣೆಗೆ ಅಂಟಿಸಿ ಶಾಸ್ತ್ರ ಮುಗಿಸಿದರು! ಸೋಫಾದ ಮೇಲೆ ಹತ್ತಿ ನಿಂತು, ಹೆಬ್ಬೆರಳ ಉಗುರು ಹಾಕಿ ಬೊಟ್ಟನ್ನು ಕಿತ್ತೆ. ಬೊಟ್ಟಿನ ಜೊತೆ ಕಾಗದವೂ ಎದ್ದು ಬಂತು. ಹಣೆಯಲ್ಲಿ ಹಲಗೆ ಕಾಣುವ ಹಾಗೆ ಒಂದು ಗಾಯ ಉಳಿಯಿತು.

"ಆಂಟೀ! ಏನ್ ಮಾಡಿದ್ರಿ!" ಮನೆಯೊಡತಿಯ ಕೈಯಲ್ಲಿ ಕಾಫಿಯ ತಟ್ಟೆ.

"ಅಮ್ಮಾ, ಮೊದ್ಲು ಕೆಳಗೆ ಇಳಿ ನೀನು," ಅಂದಳು ಮಗಳು.

ಇಳಿದೆ. ಹಾಳು ಮಾಡಿದ್ದು ಅವಳಲ್ಲ, ನಾನು. ಬಿಸಿನೀರಿನ ಬಟ್ಟೆ ಒತ್ತಿ ನಿಧಾನಕ್ಕೆ ಬಿಡಿಸಬಹುದಿತ್ತೇನೋ. ಕೆಳಮನೆಯವರ ಮುಖ ನೋಡಲು ಆಗಲಿಲ್ಲ. ಹನ್ನೆರಡು ವರ್ಷ ಕಾದು ಬಂದ ಕರೆ, ಬಾಗಿಲಿಗೆ ಎದುರಾಗಿ ಹಾಕಬೇಕಾದ ಚಿತ್ರ. ಅವರು ಹತ್ತಿರ ಹೋಗಿ ಗಾಯದ ಅಂಚಿನಲ್ಲಿ ಎದ್ದಿದ್ದ ಎಳೆಗಳನ್ನು ಬೆರಳಿಂದ ಒತ್ತಿದರು. ಆಮೇಲೆ ಚಿತ್ರ ಇಳಿಸಿ, ಹೊದಿಕೆಯಲ್ಲಿ ಸುತ್ತಿ, ಕಾಫಿ ಕುಡಿಯದೆ ವ್ಯಾನಿನಲ್ಲಿ ಇಟ್ಟುಕೊಂಡರು. ದಾರಿಯಲ್ಲಿ ಮಗಳು ನಾಚಿಕೆಯಿಂದ, ಸರಿ ಮಾಡಲು ಆಗುತ್ತದೆಯೇ ಎಂದು ಕೇಳಿದಳು. ಅವರು ತಲೆ ಅಲ್ಲಾಡಿಸಿದರು. ಆ ಕಾಗದವನ್ನು ತಿದ್ದುವುದಿಲ್ಲ, ಇರುವ ಹಾಗೆ ತೂಗುಹಾಕುತ್ತೇನೆ ಎಂದರಂತೆ. ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ.

ಹೂಸ್ಟನ್‌ಗೆ ನಾವೂ ಹೋದೆವು. ಹೊಳೆಯುವ ನೆಲ, ಗಾಜಿನ ಗೋಡೆ, ಎದುರಿಗೇ ನಾನು ಕುಕ್ಕರಗಾಲಲ್ಲಿ. ಕೋಟು ಹಾಕಿದ ಒಬ್ಬ ಹತ್ತು ಹದಿನೈದು ಜನರನ್ನು ಸುತ್ತ ನಿಲ್ಲಿಸಿಕೊಂಡು, ನನ್ನ ಹಣೆಯ ಕಡೆ ಬೆರಳು ಮಾಡಿ ಭಾಷಣ ಮಾಡುತ್ತಿದ್ದ. ಏನಂತೆ ಎಂದು ಮೊಮ್ಮಗಳನ್ನು ಕೇಳಿದೆ.

"ಹಿ ಸೇಸ್ ದಟ್ ಟಿಯರ್ ಈಸ್ ವೇರ್ ಈಸ್ಟ್ ಮೀಟ್ಸ್ ವೆಸ್ಟ್."

ಮಗಳು ಬಿಡಿಸಿ ಹೇಳಿದಳು. ಚಿತ್ರಗಾರ ಬೇಕೆಂದೇ ಅಲ್ಲಿ ಹರಿದಿದ್ದಾನಂತೆ. ತನ್ನ ದೇಶ ಬಿಟ್ಟು ಬಂದವನ ಗಾಯವಂತೆ. ಜನ ತಲೆದೂಗುತ್ತಿದ್ದರು. ಕೆಳಮನೆಯವರು ಪಕ್ಕದಲ್ಲೇ ನೆಲ ನೋಡುತ್ತ ನಿಂತಿದ್ದರು. ಈ ಮನುಷ್ಯನಿಗೆ ಬಾಯಿಲ್ಲವೇ ಎಂದು ಅವರ ಮೇಲೂ ಸಿಟ್ಟು ಬಂತು.

"ಅದು ನನ್ನ ಉಗುರು ಅಂತ ಹೇಳೇ ಅವನಿಗೆ!"

"ಅಜ್ಜಿ, ನೋ!"

ಸರಿ, ನಾನೇ ಮುಂದೆ ಹೋದೆ. ಹೆಬ್ಬೆರಳು ಎತ್ತಿ ಅವನ ಮೂಗಿನ ಮುಂದೆ ಹಿಡಿದು, ಆ ಗಾಯ ತೋರಿಸಿ, ಮತ್ತೆ ಹೆಬ್ಬೆರಳು ತೋರಿಸಿದೆ. ಅವನು ಬಾಯಿ ತುಂಬ ನಕ್ಕು ತನ್ನ ಹೆಬ್ಬೆರಳನ್ನೂ ಎತ್ತಿ ತೋರಿಸಿದ. ಜನರೆಲ್ಲ ಚಪ್ಪಾಳೆ ತಟ್ಟಿದರು. ಕೆಳಮನೆಯವರು ಗೋಡೆಯ ಕಡೆ ತಿರುಗಿ ಕೆಮ್ಮುವವರೆಗೂ ನಕ್ಕರು.

ಅಷ್ಟರಲ್ಲಿ ಸೀಡರ್ ಪಾರ್ಕ್‌ನ ಮನೆಯೊಡತಿ ರೇಷ್ಮೆ ಸೀರೆ ಉಟ್ಟು ಗಂಡನ ಜೊತೆ ಬಂದಳು. ಇದು ನಮ್ಮ ಮನೆಯದು ಎಂದು ನಾಲ್ಕು ಜನಕ್ಕೆ ಹೇಳಿ, ಚಿತ್ರದ ಮುಂದೆ ಫೋಟೋ ತೆಗೆಸಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ಕೈ ಹಿಡಿದಳು.

"ಆಂಟಿ, ಆದದ್ದು ಆಯ್ತು ಬಿಡಿ. ಇದು ಮುಗಿದ ಮೇಲೆ ನಮ್ಮನೆಗೇ ಬರಬೇಕು ಅದು. ಆದ್ರೆ ಭಿನ್ನ ಆಗಿರೋದನ್ನ ಮನೇಲಿ ಇಡಬಾರ್ದು ಅಂತಾರೆ ನಮ್ಮತ್ತೆ. ಅದಕ್ಕೇ ಅವರನ್ನೇ ಕೇಳೋಣ. ಆ ಗಾಯದ ಮೇಲೆ ಅವರ ಕೈಯಿಂದಾನೇ ಒಂದು ಕೆಂಪು ಚುಕ್ಕಿ ಇಟ್ಟುಕೊಡ್ಲಿ. ಗಾಯಾನೂ ಮುಚ್ಚುತ್ತೆ, ಶಾಸ್ತ್ರಾನೂ ಆಗುತ್ತೆ. ಸ್ಟಿಕ್ಕರ್ ಅಲ್ಲ ಆಂಟಿ, ಅವರದ್ದೇ ಪೇಂಟು!"

ಅವಳ ಮುಖ ನೋಡಿದೆ. ನಿಜವಾಗಿಯೂ ಎಲ್ಲರಿಗೂ ಒಳ್ಳೆಯದಾಗುವ ದಾರಿ ಹುಡುಕಿದ್ದೇನೆ ಎಂದುಕೊಂಡಿದ್ದಳು. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು.

ಅವಳೇ ಹೋಗಿ ಇಂಗ್ಲಿಷಿನಲ್ಲಿ ಕೆಳಮನೆಯವರಿಗೆ ಹೇಳಿದಳು. ಅವರು ಕೇಳಿಸಿಕೊಂಡರು. ಚಿತ್ರ ನೋಡಿದರು. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಕೊಟ್ಟ ವಸ್ತು, ಪಡೆದವರು ಕೇಳುತ್ತಿದ್ದಾರೆ, ಒಂದು ಚುಕ್ಕಿಯಲ್ಲವೇ, ಜೀವನವೆಲ್ಲ ಬಿದಿರು ಬರೆಯಿರಿ ಅನ್ನಿಸಿಕೊಂಡ ಮನುಷ್ಯ, ಹೂಂ ಎಂದುಬಿಟ್ಟರೆ? ಅವರು ಮೊಮ್ಮಗಳನ್ನು ಕರೆದು ನನ್ನ ಕಡೆ ಕೈ ತೋರಿಸಿದರು.

"ಅಜ್ಜಿ, ಹಿ ಸೇಸ್ ಇಟ್ಸ್ ಯುವರ್ ಫೋರ್‌ಹೆಡ್. ಹಿ ಸೇಸ್ ಆಸ್ಕ್ ಯು."

ನನ್ನ ಹಣೆಯ ವಿಷಯ ನನ್ನನ್ನು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗಂಡ ಹೋದ ಹತ್ತನೆಯ ದಿನ ಅಳಿಸಿದವರೂ ಕೇಳಿರಲಿಲ್ಲ.

"ಬೇಡ," ಅಂದೆ.

"ಆಂಟಿ, ಯೋಚ್ನೆ ಮಾಡಿ..."

"ಮಾಡಿದ್ದೀನಮ್ಮ. ಬೇಡ. ಭಿನ್ನ ಆಗಿರೋದು ನಿಮ್ಮನೇಲಿ ಇಡಬಾರ್ದು ಅಂದ್ರೆ ಇಡಬೇಡ. ಚುಕ್ಕಿ ಇಲ್ಲ."

ಅವಳು ಗಂಡನ ಮುಖ ನೋಡಿದಳು. ಅವನು ವಾಚು ನೋಡಿಕೊಂಡ. ನನ್ನ ಹತ್ತಿರ ಅವಳ ಮಾತು ಅವತ್ತಿಗೆ ಮುಗಿಯಿತು.

ರಿಚರ್ಡ್‌ಸನ್‌ಗೆ ವಾಪಸು ಬರುವಾಗ ಮಗಳು ದಾರಿಯುದ್ದಕ್ಕೂ ಬೈದಳು. ಕಾಲೇಜಿನಿಂದ ಬಂದ ಸ್ನೇಹ, ಒಂದು ಚುಕ್ಕಿಗೆ ಕಿತ್ತುಹಾಕಿದೆ ಅಂದಳು. ಅವತ್ತು ರಂಗೋಲಿಗೆ ಅಡ್ಡ ಎಳೆ ಎಳೆಸಿದಾಗ ನಿನ್ನ ಬಾಯಿ ಎಲ್ಲಿಗೆ ಹೋಗಿತ್ತು ಎಂದು ಕೇಳಿದೆ. ಮುಂದಿದ್ದ ಲಾರಿಯೊಂದನ್ನು ಹಿಂದಕ್ಕೆ ಹಾಕಿದಳು. ಆಮೇಲೆ, "ಗೊತ್ತಾಗ್ಲಿಲ್ಲಮ್ಮ ಏನು ಹೇಳಬೇಕು ಅಂತ," ಅಂದಳು. ನನಗೂ ಗೊತ್ತಾಗಿರಲಿಲ್ಲ, ಅದಕ್ಕೇ ಕಾಯಿ ತುರಿದೆ.

ಚಿತ್ರ ಕೆಳಮನೆಗೇ ವಾಪಸು ಬಂತು. ನಿಮಗೆ ಬೇಕೇ ಎಂದು ಅವರು ಕೇಳಿದರು. ನನ್ನ ಬೆನ್ನನ್ನು ನಾನೇ ಗೋಡೆಗೆ ತೂಗುಹಾಕಿಕೊಂಡು ಏನು ನೋಡಲಿ? ಬೇಡ ಅಂದೆ. ಮಸಿ ತೇಯುವ ಜಾಗದ ಮೇಲೆ ಮೊಳೆ ಹೊಡೆದು ಅವರೇ ಹಾಕಿಕೊಂಡರು.

ಆಮೇಲೆ ಪಕ್ಕದ ಊರು ಪ್ಲೇನೋದಲ್ಲಿ ಯಾರದೋ ಗೃಹಪ್ರವೇಶಕ್ಕೆ ರಂಗೋಲಿ ಹಾಕಲು ನನ್ನನ್ನು ಕರೆದರು. ಹಾಕುತ್ತೇನೆ, ಆದರೆ ಅದರ ಮೇಲೆ ಬೇರೆಯವರ ಎಳೆ ಬೀಳಬಾರದು, ಆರತಿ ಹೊತ್ತಿಗೆ ನಾನು ಹಾಲಿನಲ್ಲೇ ಕೂರುತ್ತೇನೆ ಎಂದು ಫೋನಿನಲ್ಲೇ ಹೇಳಿದೆ. ಆಕೆ, "ಅಯ್ಯೋ, ಅದಕ್ಕೇನಂತೆ ಆಂಟಿ, ಮತ್ತೆ ಫೋನ್ ಮಾಡ್ತೀನಿ," ಅಂದಳು. ಮಾಡಲಿಲ್ಲ. ಆ ಗೃಹಪ್ರವೇಶದ ಊಟಕ್ಕೆ ಹೋಗಿ ಬಂದ ಮಗಳು, ಬಾಗಿಲಲ್ಲಿ ರಂಗೋಲಿ ಸ್ಟಿಕ್ಕರ್ ಅಂಟಿಸಿದ್ದರು ಎಂದು ಹೇಳಿದಳು.